ಗಾಲಿಕುರ್ಚಿಯ ಪಾಠ

ವಿಶ್ವವಿದ್ಯಾಲಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ದೊಡ್ಡ ಗ್ರಂಥಾಲಯ, ಗಡಿಯಾರದ ಗೋಪುರ, ಕಪ್ಪು ನಿಲುವಂಗಿ ತೊಟ್ಟು ಸಾಲಾಗಿ ನಿಂತ ಪದವೀಧರರು. ಅಂಥ ಕಡೆ ಗಾಲಿಕುರ್ಚಿ ಮಾಡುವುದನ್ನೂ ಒಂದು ವಿಷಯವನ್ನಾಗಿಟ್ಟು ಪಾಠ ಹೇಳುತ್ತಾರೆಂದರೆ ಬೇಗ ನಂಬುವವರು ಕಡಿಮೆ. ನಾನು ಈ ಸಂಗತಿಯನ್ನು ಸ್ನೇಹಿತರೊಬ್ಬರಿಗೆ ಹೇಳಿದಾಗ ಅವರು ನಕ್ಕು, "ಕುರ್ಚಿಗೆ ನಾಲ್ಕು ಗಾಲಿ ಜೋಡಿಸುವುದಕ್ಕೂ ಪದವಿ ಬೇಕಾಯಿತೆ?" ಎಂದರು. ಆ ಹೊತ್ತಿಗೆ ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕುರ್ಚಿಗೆ ಗಾಲಿ ಜೋಡಿಸುವುದು ನಿಜವಾಗಿ ಅಷ್ಟು ಸುಲಭವಾಗಿದ್ದರೆ, ನಮ್ಮ ಸೋದರತ್ತೆಯ ಗಾಲಿಕುರ್ಚಿಯ ಮೇಲೆ ಒದ್ದೆ ಬಟ್ಟೆ ಒಣಗುತ್ತಿದ್ದುದೇಕೆ?

ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಅತ್ತೆಗೆ ಎಳವೆಯಲ್ಲಿಯೇ ಪೋಲಿಯೊ ಬಂದು ಎರಡು ಕಾಲೂ ಹೋಗಿದ್ದವು. ನೆಲದ ಮೇಲೆ ಕುಳಿತು, ಕೈಯೂರಿ, ಮೈಯನ್ನು ಎಳೆದುಕೊಂಡೇ ಅವರು ಮನೆಯೆಲ್ಲ ಓಡಾಡುತ್ತಿದ್ದರು. ಐವತ್ತರ ಹತ್ತಿರ ಬಂದಾಗ ಮಣಿಕಟ್ಟುಗಳು ಸೋತವು. ಒಂದು ಧರ್ಮಸಂಸ್ಥೆಯವರು ಮನೆಗೆ ಬಂದು, ಹೂವಿನ ಹಾರ ಹಾಕಿದ ಹೊಚ್ಚ ಹೊಸ ಗಾಲಿಕುರ್ಚಿಯನ್ನು ಕೊಟ್ಟು, ಅತ್ತೆಯನ್ನು ಅದರಲ್ಲಿ ಕೂರಿಸಿ ಛಾಯಾಚಿತ್ರ ತೆಗೆಸಿಕೊಂಡು ಹೋದರು. ಕುರ್ಚಿ ಚೆನ್ನಾಗಿಯೇ ಇತ್ತು. ಆದರೆ ಬಚ್ಚಲುಮನೆಯ ಬಾಗಿಲು ಅದಕ್ಕಿಂತ ನಾಲ್ಕು ಬೆರಳು ಕಿರಿದು. ನಮ್ಮದು ಹಳೆಯ ಕಾಲದ ಮನೆ. ಕೋಣೆ ಕೋಣೆಗೂ ಎತ್ತರದ ಹೊಸ್ತಿಲು. ನೆಲದಿಂದ ಕುರ್ಚಿಗೆ ಏರಬೇಕಾದರೆ ಇಬ್ಬರು ಎತ್ತಬೇಕು. ಅಡುಗೆಮನೆಯಲ್ಲಿ ಒಲೆ, ಒರಳು, ಈಳಿಗೆಮಣೆ ಎಲ್ಲವೂ ನೆಲದ ಮೇಲೆ. ಕುರ್ಚಿಯ ಮೇಲಿನವರಿಗೆ ಅವು ಪಾತಾಳದಲ್ಲಿದ್ದಂತೆ. ತಿಂಗಳೊಪ್ಪತ್ತಿನಲ್ಲಿ ಆ ಕುರ್ಚಿ ಪಡಸಾಲೆಯ ಮೂಲೆ ಸೇರಿತು, ಬಟ್ಟೆ ಹರವುವುದಕ್ಕೆ ಅನುಕೂಲವಾಯಿತು. "ಕೊಟ್ಟರೂ ಉಪಯೋಗಿಸುವುದಿಲ್ಲ" ಎಂಬ ಮಾತು ಅತ್ತೆಯ ಪಾಲಿಗೆ ಬಂತು.

ಒಂದು ದಿನ ಬೇರೆ ಕೆಲಸಕ್ಕೆಂದು ಬಂದಿದ್ದ ಬಡಗಿಯೊಬ್ಬರು ಇದನ್ನೆಲ್ಲ ನೋಡಿದರು. ಉಳಿ ಕೆಳಗಿಟ್ಟು, ಅತ್ತೆಯ ಎದುರಿಗೆ ನೆಲದ ಮೇಲೆಯೇ ಕುಳಿತು, "ಅಮ್ಮಾವ್ರೇ, ಬೆಳಗಾದ್ರೆ ನೀವು ಎಲ್ಲೆಲ್ಲಿಗೆ ಹೋಗ್ಬೇಕಾಗುತ್ತೆ?" ಎಂದು ಕೇಳಿದರು. ಬಚ್ಚಲು, ದೇವರ ಮನೆ, ಅಡುಗೆಮನೆ, ಹಿತ್ತಿಲಿನ ತುಳಸಿಕಟ್ಟೆ ಎಂದು ಅತ್ತೆ ಎಣಿಸಿದರು. ಅವರು ಅಳತೆ ತೆಗೆದುಕೊಂಡರು. ಮಾರನೆಯ ವಾರ ಒಂದು ಅಗಲವಾದ ಮಣೆ ಬಂತು. ನೆಲದಿಂದ ಮೂರು ಬೆರಳೆತ್ತರ, ಅಡಿಯಲ್ಲಿ ಹುಡುಗರು ಆಟದ ಗಾಡಿಗೆ ಹಾಕುವಂಥ ನಾಲ್ಕು ಬೇರಿಂಗು. ಹೊಸ್ತಿಲನ್ನು ಕೊಯ್ಯುವುದಕ್ಕೆ ಅತ್ತೆ ಒಪ್ಪಲಿಲ್ಲ. ಅದು ಪೂಜೆಯ ಹೊಸ್ತಿಲು. ಹಾಗಾದರೆ ಇರಲಿ ಎಂದು ಬಡಗಿ ಅದರ ಎರಡು ಕಡೆಗೂ ಇಳಿಜಾರಾದ ಹಲಗೆ ಹೊಂದಿಸಿದರು. ಅತ್ತೆ ಸಾಯುವವರೆಗೂ ಆ ಮಣೆಯ ಮೇಲೆಯೇ ಮನೆಯನ್ನು ಆಳಿದರು.

ಈಚೆಗೆ ಅಂಗವಿಕಲರಿಗಾಗಿ ಸಾಧನಗಳನ್ನು ರೂಪಿಸುವ ವಿದ್ಯೆ ವಿಶ್ವವಿದ್ಯಾಲಯಗಳನ್ನು ಹೇಗೆ ಸೇರಿತೆಂಬುದನ್ನು ಓದುತ್ತ ಹೋದಂತೆ, ನನಗೆ ಹೆಜ್ಜೆ ಹೆಜ್ಜೆಗೂ ಆ ಬಡಗಿಯ ಪ್ರಶ್ನೆಯೇ ಎದುರಾಯಿತು. ಈ ವಿದ್ಯೆಯ ಚರಿತ್ರೆಯೆಂದರೆ ಒಂದರ್ಥದಲ್ಲಿ ಆ ಪ್ರಶ್ನೆಯನ್ನು ಕೇಳಿದವರ ಮತ್ತು ಕೇಳದೆಹೋದವರ ಚರಿತ್ರೆಯೇ.

ಹಿಂದಕ್ಕೆ ಹೋಗೋಣ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಾತ್ ಎಂಬ ಊರು ಬಿಸಿನೀರಿನ ಬುಗ್ಗೆಗಳಿಗೆ ಹೆಸರಾಗಿತ್ತು. ಕಾಯಿಲೆಯ ಶ್ರೀಮಂತರು ಅಲ್ಲಿಗೆ ಸ್ನಾನಕ್ಕೆ ಬರುತ್ತಿದ್ದರು. ಅವರನ್ನು ಕೂರಿಸಿಕೊಂಡು ಹೋಗಲು 'ಬಾತ್ ಕುರ್ಚಿ' ಎಂಬ ಗಾಲಿಯ ಆಸನ ಹುಟ್ಟಿಕೊಂಡಿತು. ಮೆತ್ತೆಯೇನು, ಮೇಲುಹೊದಿಕೆಯೇನು! ಆದರೆ ಅದನ್ನು ಎಳೆಯುವುದಕ್ಕೋ ತಳ್ಳುವುದಕ್ಕೋ ಒಬ್ಬ ಆಳು ಬೇಕು. ಕುಳಿತವರು ಹೋಗುತ್ತಿರಲಿಲ್ಲ, ಅವರನ್ನು ಒಯ್ಯುತ್ತಿದ್ದರು. ಪಲ್ಲಕ್ಕಿಯನ್ನು ಕಂಡ ನಮಗೆ ಈ ವ್ಯತ್ಯಾಸ ಅರ್ಥವಾಗದ್ದಲ್ಲ.

ಅದಕ್ಕೂ ನೂರು ವರ್ಷ ಮೊದಲೇ ಜರ್ಮನಿಯ ನ್ಯೂರೆಂಬರ್ಗ್ ಬಳಿಯ ಆಲ್ಟ್‌ಡಾರ್ಫ್ ಎಂಬಲ್ಲಿ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರ ಮಾಡುವ ತರುಣನಿದ್ದ. ಅವನಿಗೆ ಕಾಲುಗಳ ಬಲವಿರಲಿಲ್ಲ. 1655ರಲ್ಲಿ, ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವನು ಮೂರು ಗಾಲಿಯ ಒಂದು ಗಾಡಿಯನ್ನು ಮಾಡಿಕೊಂಡ. ಮುಂದಿನ ಗಾಲಿಗೆ ಹಲ್ಲುಚಕ್ರ ಜೋಡಿಸಿ, ಕೈಯಿಂದ ಹಿಡಿಯನ್ನು ತಿರುಗಿಸಿದರೆ ಗಾಡಿ ಮುಂದೆ ಸಾಗುವಂತೆ ಏರ್ಪಡಿಸಿದ. ಗಡಿಯಾರದೊಳಗಿನ ವಿದ್ಯೆಯನ್ನೇ ಬೀದಿಗೆ ತಂದ ಎನ್ನಬಹುದು. ಕುಳಿತವನು ತನ್ನ ಕೈಯಿಂದಲೇ ನಡೆಸಿಕೊಂಡು ಹೋಗಬಲ್ಲ ಕುರ್ಚಿಗಳಲ್ಲಿ ಚರಿತ್ರೆಗೆ ತಿಳಿದ ಮೊದಲನೆಯದು ಇದೇ ಎನ್ನುತ್ತಾರೆ. ನೋಡಿ, ಶ್ರೀಮಂತರ ಕುರ್ಚಿಯನ್ನು ಬೇರೆಯವರು ಮಾಡಿದರು, ಅದಕ್ಕೆ ಆಳು ಬೇಕಾಯಿತು. ಫಾರ್ಫ್ಲರ್ ತನ್ನ ಗಾಡಿಯನ್ನು ತಾನೇ ಮಾಡಿಕೊಂಡ, ಅದಕ್ಕೆ ಆಳು ಬೇಕಾಗಲಿಲ್ಲ.

ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನ ಲೂಯಿ ಬ್ರೈಲನದು. ಅವನು ಹುಟ್ಟಿದ್ದು 1809ರಲ್ಲಿ, ಪ್ಯಾರಿಸಿನ ಸಮೀಪದ ಕೂಪ್ರೇ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಗಳ ಜೀನು ಹೊಲಿಯುವ ಕಸುಬಿನವನು. ಮೂರು ವರ್ಷದ ಮಗು ಆ ಅಂಗಡಿಯಲ್ಲಿ ತೊಗಲು ಚುಚ್ಚುವ ದಬ್ಬಳದೊಡನೆ ಆಡುತ್ತ ಕಣ್ಣಿಗೆ ಚುಚ್ಚಿಕೊಂಡಿತು. ನಂಜು ಇನ್ನೊಂದು ಕಣ್ಣಿಗೂ ಹಬ್ಬಿ ಎರಡೂ ಹೋದವು. ಹತ್ತು ವರ್ಷದವನಾದಾಗ ಹುಡುಗನನ್ನು ಪ್ಯಾರಿಸಿನ ಅಂಧ ಬಾಲಕರ ಶಾಲೆಗೆ ಸೇರಿಸಿದರು.

ಆ ಶಾಲೆಯನ್ನು 1785ರಲ್ಲಿ ಸ್ಥಾಪಿಸಿದ ವ್ಯಾಲೆಂಟಿನ್ ಹಾಯಿ ನಿಜವಾಗಿಯೂ ದೊಡ್ಡ ಮನಸ್ಸಿನವನು. ಅಂಧರು ಓದಬಲ್ಲರು ಎಂದು ನಂಬಿ, ಸಾಮಾನ್ಯ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬುವಂತೆ ಅಚ್ಚು ಹಾಕಿಸಿದ್ದ. ಆದರೆ ಆ ಅಕ್ಷರಗಳು ಕಣ್ಣಿಗೆ ಒಗ್ಗುವ ಅಕ್ಷರಗಳು, ಬೆರಳಿಗಲ್ಲ. ಒಂದೊಂದರ ಸುತ್ತಲೂ ಬೆರಳಾಡಿಸಿ ಇದು ಯಾವುದೆಂದು ಊಹಿಸಬೇಕು. ಪುಸ್ತಕಗಳೋ ಹೊರಲಾರದಷ್ಟು ಭಾರ. ಇನ್ನು ಅಂಥ ಅಕ್ಷರಗಳಲ್ಲಿ ಮಕ್ಕಳು ತಾವೇ ಬರೆಯುವ ಮಾತಂತೂ ದೂರ. 1821ರ ಸುಮಾರಿಗೆ ಶಾರ್ಲ್ ಬಾರ್ಬಿಯೆ ಎಂಬ ಸೇನಾಧಿಕಾರಿ ಬೇರೊಂದು ಉಪಾಯವನ್ನು ಶಾಲೆಯ ಮುಂದಿಟ್ಟ. ಅವನದು ಗೆರೆಯಲ್ಲ, ಉಬ್ಬಿದ ಚುಕ್ಕಿಗಳು. ಒಂದು ಧ್ವನಿಗೆ ಹನ್ನೆರಡರವರೆಗೆ ಚುಕ್ಕಿ. ಚುಕ್ಕಿ ಬೆರಳಿಗೆ ಚೆನ್ನಾಗಿ ಸಿಕ್ಕುತ್ತಿತ್ತು. ಆದರೆ ಹನ್ನೆರಡು ಚುಕ್ಕಿಗಳ ಗುಂಪು ಬೆರಳ ತುದಿಗಿಂತ ದೊಡ್ಡದು. ಅದರಲ್ಲಿ ಕಾಗುಣಿತವೂ ಇಲ್ಲ, ವಿರಾಮಚಿಹ್ನೆಯೂ ಇಲ್ಲ.

ಹಾಯಿಗೂ ಬಾರ್ಬಿಯೆಗೂ ಕಣ್ಣಿತ್ತು. ಬ್ರೈಲನಿಗೆ ಬೆರಳಿತ್ತು. 1824ರ ವೇಳೆಗೆ, ಹದಿನೈದು ವರ್ಷದ ಆ ಹುಡುಗ ಹನ್ನೆರಡನ್ನು ಆರಕ್ಕೆ ಇಳಿಸಿದ. ಎರಡು ಸಾಲು, ಸಾಲಿಗೆ ಮೂರು ಚುಕ್ಕಿ. ಬೆರಳ ತುದಿಯ ಒಂದೇ ಸ್ಪರ್ಶಕ್ಕೆ ಇಡೀ ಅಕ್ಷರ ದೊರೆಯುತ್ತದೆ. ಆರು ಚುಕ್ಕಿಗಳನ್ನು ಹಿಂದುಮುಂದಾಗಿ ಹೊಂದಿಸಿದರೆ 63 ಗುರುತುಗಳಾಗುತ್ತವೆ. ಅಕ್ಷರ, ಅಂಕಿ, ವಿರಾಮಚಿಹ್ನೆ, ಸಂಗೀತದ ಸ್ವರ ಎಲ್ಲಕ್ಕೂ ಸಾಕು. ಬರೆಯುವುದಕ್ಕೆ ಒಂದು ಮೊನೆಯಾದ ಕಡ್ಡಿ ಇದ್ದರಾಯಿತು; ಕಣ್ಣು ಕಳೆದ ದಬ್ಬಳಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. 1829ರಲ್ಲಿ ಅವನು ಈ ಪದ್ಧತಿಯನ್ನು ಪುಸ್ತಕವಾಗಿ ಪ್ರಕಟಿಸಿದ.

ಮುಂದೇನಾಯಿತು? ಶಾಲೆಯವರು ಹಾಡಿ ಹೊಗಳಿದರೆಂದುಕೊಂಡರೆ ತಪ್ಪು. 1840ರಲ್ಲಿ ಬಂದ ಹೊಸ ಮುಖ್ಯಸ್ಥರು ಕೆಲವು ಕಾಲ ಈ ಚುಕ್ಕಿಗಳ ಬಳಕೆಯನ್ನೇ ನಿಷೇಧಿಸಿದರು. ಕಣ್ಣುಳ್ಳ ಉಪಾಧ್ಯಾಯರಿಗೆ ಓದಲು ಬಾರದ ಲಿಪಿ ಮಕ್ಕಳನ್ನು ಜನರಿಂದ ದೂರಮಾಡುತ್ತದೆಂಬುದು ಆ ಕಾಲದಲ್ಲಿ ಅದಕ್ಕೆದುರಾಗಿ ಹೇಳುತ್ತಿದ್ದ ವಾದ. ಮಕ್ಕಳು ಮಾತ್ರ ಬಿಡಲಿಲ್ಲ. ಕದ್ದು ಮುಚ್ಚಿ ಅದರಲ್ಲಿಯೇ ಬರೆದುಕೊಂಡರು. ಕಡೆಗೆ ಶಾಲೆಯೇ ಸೋತಿತು. ಬ್ರೈಲ್ ತೀರಿಕೊಂಡದ್ದು 1852ರ ಜನವರಿಯಲ್ಲಿ. ಫ್ರಾನ್ಸಿನಲ್ಲಿ ಅವನ ಲಿಪಿಗೆ ಅಧಿಕೃತ ಮನ್ನಣೆ ದೊರೆತದ್ದು 1854ರಲ್ಲಿ. ನೂರು ವರ್ಷದ ಮೇಲೆ, 1952ರಲ್ಲಿ, ಅವನ ಅವಶೇಷವನ್ನು ರಾಷ್ಟ್ರದ ಮಹಾಪುರುಷರು ಮಲಗಿರುವ ಪ್ಯಾರಿಸಿನ ಪಾಂಥಿಯಾನ್ ಮಂದಿರಕ್ಕೆ ಒಯ್ದರು. ಕೈಗಳನ್ನು ಮಾತ್ರ ಹುಟ್ಟಿದ ಹಳ್ಳಿಯಲ್ಲಿಯೇ ಉಳಿಸಿದರು.

ನಮಗೂ ಇದರಲ್ಲಿ ಪಾಲುಂಟು. ಬ್ರೈಲ್ ಲಿಪಿ ಭಾರತಕ್ಕೆ ಬಂದಾಗ ಒಂದೊಂದು ಭಾಷೆಗೆ, ಒಂದೊಂದು ಶಾಲೆಗೆ ಒಂದೊಂದು ಕ್ರಮ ಬೆಳೆದು ಗೊಂದಲವಾಗಿತ್ತು. 1951ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುವ 'ಭಾರತಿ ಬ್ರೈಲ್' ಒಪ್ಪಿಗೆಯಾಯಿತು. ಕನ್ನಡದ 'ಕ'ಕಾರಕ್ಕೂ, ಹಿಂದಿಯ 'ಕ'ಕಾರಕ್ಕೂ, ಬಂಗಾಳಿಯ 'ಕ'ಕಾರಕ್ಕೂ ಅದರಲ್ಲಿ ಅವೇ ಎರಡು ಚುಕ್ಕಿಗಳು. ಲಿಪಿಯ ವಿಷಯದಲ್ಲಿ ಕಣ್ಣುಳ್ಳ ನಾವು ಸಾಧಿಸಲಾರದ ಐಕ್ಯವನ್ನು ಕಣ್ಣಿಲ್ಲದವರು ಸದ್ದಿಲ್ಲದೆ ಸಾಧಿಸಿಕೊಂಡಿದ್ದಾರೆ.

ಮತ್ತೆ ಗಾಲಿಕುರ್ಚಿಗೆ ಬರುತ್ತೇನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕುರ್ಚಿಗಳು ಮರದ ಭಾರಿ ಸಾಮಾನುಗಳಾಗಿದ್ದವು. ಅಮೆರಿಕದ ಹರ್ಬರ್ಟ್ ಎವರೆಸ್ಟ್ ಎಂಬ ಗಣಿ ಎಂಜಿನಿಯರು 1918ರಲ್ಲಿ ಗಣಿಯ ಅಪಘಾತವೊಂದರಲ್ಲಿ ಬೆನ್ನು ಮುರಿದುಕೊಂಡು ನಡೆಯಲಾರದವರಾದರು. ಅವರಿಗೆ ಬೇಕಾಗಿದ್ದುದು ಮೋಟಾರು ಕಾರಿನಲ್ಲಿ ಜೊತೆಗೆ ಒಯ್ಯಬಲ್ಲ ಕುರ್ಚಿ. ಹ್ಯಾರಿ ಜೆನ್ನಿಂಗ್ಸ್ ಎಂಬ ಎಂಜಿನಿಯರ್ ಸ್ನೇಹಿತನೊಡನೆ ಕೂಡಿ, ಉಕ್ಕಿನ ಕೊಳವೆಗಳನ್ನು ಕತ್ತರಿಯಂತೆ ಅಡ್ಡಡ್ಡ ಜೋಡಿಸಿ, ಮಡಿಸಿಡಬಹುದಾದ ಕುರ್ಚಿಯನ್ನು 1933ರಲ್ಲಿ ರೂಪಿಸಿದರು. ಇಂದಿಗೂ ಆಸ್ಪತ್ರೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ ನಾವು ಕಾಣುವ ಮಡಿಸುವ ಕುರ್ಚಿಯ ಮೂಲ ಅದೇ. ಇಲ್ಲಿಯೂ ಬೇಕಾದವನೇ ಮಾಡಿದವನು. ಆದರೆ ಕುರ್ಚಿ ಕಾರ್ಖಾನೆಯ ಸರಕಾದ ಮೇಲೆ, ಕಾರು, ನುಣುಪಾದ ನೆಲ ಮತ್ತು ಡಾಂಬರಿನ ರಸ್ತೆಯುಳ್ಳ ಒಂದು ದೇಶಕ್ಕೆ ಹೊಂದಿದ ರೂಪವೇ ಜಗತ್ತಿಗೆಲ್ಲ ಮಾದರಿಯಾಗಿ ನಿಂತಿತು. ನಮ್ಮ ಪಡಸಾಲೆಯಲ್ಲಿ ಬಟ್ಟೆ ಒಣಗಿಸಿದ ಕುರ್ಚಿಯೂ ಅದರ ಮೊಮ್ಮಗುವೇ.

ಇದನ್ನು ವಿಶ್ವವಿದ್ಯಾಲಯದ ಅಂಗಳಕ್ಕೆ ತಂದವರು ಮೊದಲು ಉಪಾಧ್ಯಾಯರಲ್ಲ, ವಿದ್ಯಾರ್ಥಿಗಳು. 1962ರಲ್ಲಿ ಎಡ್ ರಾಬರ್ಟ್ಸ್ ಎಂಬ ಯುವಕ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯವನ್ನು ಸೇರಿದ. ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊ ತಗಲಿ ಕತ್ತಿನಿಂದ ಕೆಳಗೆ ಬಹುಪಾಲು ನಿಶ್ಚೇಷ್ಟಿತನಾಗಿದ್ದ ಅವನಿಗೆ ರಾತ್ರಿ ಉಸಿರಾಡುವುದಕ್ಕೆ ಉಕ್ಕಿನ ಶ್ವಾಸಯಂತ್ರ ಬೇಕು. ಆ ಯಂತ್ರವನ್ನು ಇಡಲು ತಕ್ಕ ಕೋಣೆ ವಿದ್ಯಾರ್ಥಿನಿಲಯಗಳಲ್ಲಿ ದೊರೆಯದೆ, ಆವರಣದ ಕೋವೆಲ್ ಆಸ್ಪತ್ರೆಯಲ್ಲಿಯೇ ಅವನಿಗೆ ವಾಸ. ಕ್ರಮೇಣ ಅವನಂಥ ಇನ್ನೂ ಹಲವರು ಬಂದರು. ಅವರು ತಮ್ಮ ಗುಂಪಿಗೆ 'ಉರುಳುವ ಚತುರಂಗರು' ಎಂಬರ್ಥ ಬರುವ ತಮಾಷೆಯ ಹೆಸರಿಟ್ಟುಕೊಂಡರು. 1970ರಲ್ಲಿ ಅವರ ಪ್ರಯತ್ನದಿಂದ ಅಂಗವಿಕಲ ವಿದ್ಯಾರ್ಥಿಗಳ ಸಹಾಯ ವಿಭಾಗವೊಂದು ಆರಂಭವಾಯಿತು. ಅದರ ಮುಖ್ಯ ಕೆಲಸಗಳಲ್ಲಿ ಒಂದು ಯಾವುದು ಗೊತ್ತೆ? ಕೆಟ್ಟ ಗಾಲಿಕುರ್ಚಿಗಳ ರಿಪೇರಿ. ಕುರ್ಚಿ ಕೆಟ್ಟು ಕುಳಿತರೆ ಅಂದಿನ ತರಗತಿ ತಪ್ಪಿದಂತೆಯೇ, ವಾರಗಟ್ಟಲೆ ಕಾಯುವಂತಿರಲಿಲ್ಲ.

1972ರಲ್ಲಿ ಅದೇ ಊರಿನಲ್ಲಿ 'ಸ್ವತಂತ್ರ ಜೀವನ ಕೇಂದ್ರ' ಹುಟ್ಟಿತು. ಬರ್ಕ್‌ಲಿಯ ಬೀದಿಗಳಲ್ಲಿ ಕಾಲುದಾರಿಯ ಅಂಚನ್ನು ತಗ್ಗಿಸಿ ಇಳಿಜಾರು ಮಾಡುವ ಕೆಲಸವೂ ಆ ಕಾಲದಲ್ಲಿ ನಡೆಯಿತು. ಗಾಲಿಕುರ್ಚಿಗೆಂದು ಮಾಡಿದ ಆ ಇಳಿಜಾರು ಕೂಸಿನ ಗಾಡಿ ತಳ್ಳುವ ತಾಯಿಗೂ, ಸಾಮಾನು ಒಯ್ಯುವವನಿಗೂ, ಮಂಡಿನೋವಿನ ಮುದುಕರಿಗೂ ಹಿತವಾಯಿತು. ನಮ್ಮ ಬಡಗಿ ಹೊಸ್ತಿಲಿಗೆ ಹೊಂದಿಸಿದ ಹಲಗೆಯನ್ನು ದಾಟುವಾಗ ನಮ್ಮಜ್ಜಿಯೂ "ಇದು ಮೊದಲೇ ಇರಬಾರದಿತ್ತೆ?" ಎಂದದ್ದು ನನಗೆ ನೆನಪಿದೆ. ಈ ರಾಬರ್ಟ್ಸ್‌ನನ್ನು ಹಿಂದೊಮ್ಮೆ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆ, ಯಾವ ಉದ್ಯೋಗಕ್ಕೂ ಒದಗಲಾರದಷ್ಟು ಅಂಗವಿಕಲನೆಂದು ಬದಿಗಿಟ್ಟಿತ್ತು. 1975ರಲ್ಲಿ ಅದೇ ಇಲಾಖೆಗೆ ಅವನು ನಿರ್ದೇಶಕನಾದ.

ಇನ್ನು ತರಗತಿಯ ವಿಷಯ. 1966ರಲ್ಲಿ ರಾಲ್ಫ್ ಹಾಚ್ಕಿಸ್ ಎಂಬ ಕಾಲೇಜು ವಿದ್ಯಾರ್ಥಿ ಮೋಟಾರು ಸೈಕಲಿನ ಅಪಘಾತದಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡ. ಯಂತ್ರಗಳ ಹುಚ್ಚಿದ್ದ ಅವನಿಗೆ ತನ್ನ ಕುರ್ಚಿಯ ಕುಂದುಕೊರತೆಗಳೇ ಸಂಶೋಧನೆಯ ವಸ್ತುವಾದವು. 1980ರಲ್ಲಿ ಅವನು ಮಧ್ಯ ಅಮೆರಿಕದ ನಿಕರಾಗುವಾಕ್ಕೆ ಹೋದಾಗ, ನಾಲ್ವರು ತರುಣರು ಒಂದೇ ಒಂದು ಗಾಲಿಕುರ್ಚಿಯನ್ನು ಸರದಿಯ ಮೇಲೆ ಬಳಸುತ್ತಿದ್ದುದನ್ನು ಕಂಡ. ಹೊರದೇಶದಿಂದ ಬಂದ ಆ ಕುರ್ಚಿಯನ್ನು ಅವರು ಅಲ್ಲಲ್ಲಿ ಬಲಪಡಿಸಿ, ತಿದ್ದಿ, ತಮ್ಮ ಊರಿನ ದಾರಿಗೆ ಒಗ್ಗಿಸಿಕೊಂಡಿದ್ದರು. ಕಲಿಸಲು ಹೋದ ಎಂಜಿನಿಯರು ಅಲ್ಲಿ ಕಲಿಯಲು ಕುಳಿತ. ಆ ಒಡನಾಟದಿಂದ ಹುಟ್ಟಿದ ಕುರ್ಚಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಸುಂಟರಗಾಳಿ ಎಂಬ ಅರ್ಥದ ಹೆಸರಾಯಿತು, ಇಂಗ್ಲಿಷಿನಲ್ಲಿ 'ವರ್ಲ್‌ವಿಂಡ್'.

ಅದರ ಗುಟ್ಟು ಸರಳ. ಊರಿನಲ್ಲಿಯೇ ದೊರೆಯುವ ಉಕ್ಕಿನ ಕೊಳವೆ, ಸೈಕಲ್ಲಿನ ಗಾಲಿ, ಪೇಟೆಯಲ್ಲಿ ಸಿಕ್ಕುವ ಬೇರಿಂಗು. ಕೆಟ್ಟರೆ ಪಕ್ಕದ ಬೀದಿಯ ಸೈಕಲ್ ಅಂಗಡಿಯವನೇ ಸರಿಪಡಿಸಬಲ್ಲ. ಅದರ ವಿನ್ಯಾಸವನ್ನು ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟರು. ಹಲವು ದೇಶಗಳ ಸಣ್ಣ ಕಾರ್ಖಾನೆಗಳು ಅದನ್ನು ಮಾಡತೊಡಗಿದವು. ಮಾಡಿದವರಲ್ಲಿ ಎಷ್ಟೋ ಮಂದಿ ಗಾಲಿಕುರ್ಚಿಯಲ್ಲಿ ಕುಳಿತವರೇ. ಒಂದು ಊರಿನ ತಿದ್ದುಪಡಿ ಇನ್ನೊಂದು ಊರಿಗೆ ಹೋಗುತ್ತಿತ್ತು. ಮರಳಿನಲ್ಲಿ ಹೂತುಹೋಗದಂತೆ ಮುಂದಿನ ಚಿಕ್ಕ ಗಾಲಿಯನ್ನು ಅಗಲವಾದ ರಬ್ಬರಿನಲ್ಲಿ ಮಾಡುವ ಉಪಾಯ ಆಫ್ರಿಕದ ಜಿಂಬಾಬ್ವೆಯಿಂದ ಬಂತು. ಅದಕ್ಕೆ 'ಜಿಂಬಾಬ್ವೆ ಗಾಲಿ' ಎಂದೇ ಹೆಸರಾಯಿತು.

1989ರಲ್ಲಿ ಹಾಚ್ಕಿಸ್ ಸ್ಯಾನ್‌ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದಲ್ಲಿ ಪ್ರಾಧ್ಯಾಪಕ ಪೀಟರ್ ಫೇಲ್ಜರ್ ಅವರೊಡನೆ ಈ ಕೆಲಸಕ್ಕೆ ನೆಲೆ ಕಂಡುಕೊಂಡ. ಗಾಲಿಕುರ್ಚಿಯ ವಿನ್ಯಾಸ ಅಲ್ಲಿ ಪಾಠದ ವಿಷಯವಾಯಿತು. ಕೊಳವೆ ಬಗ್ಗಿಸುವುದು, ಬೆಸೆಯುವುದು, ಗಾಲಿಯ ಅಚ್ಚು ಹಿಡಿಸುವುದು ಎಲ್ಲವನ್ನೂ ಕೈಯಾರೆ ಕಲಿಯಬೇಕು. ಪಾಠ ಹೇಳುವವನು ತಾನೇ ಗಾಲಿಕುರ್ಚಿಯಲ್ಲಿ ಕುಳಿತವನು. ಕರಿಹಲಗೆಯ ಮೇಲೆ ಬರೆದು ತೋರಿಸಲಾಗದ ಎಷ್ಟೋ ವಿಷಯಗಳನ್ನು ಅವನು ಬಾಗಿಲು ದಾಟಿ ಒಳಗೆ ಬರುವಾಗಲೇ ಹೇಳಿ ಮುಗಿಸುತ್ತಿದ್ದಿರಬೇಕು ಎಂದು ನನಗೆ ತೋರುತ್ತದೆ.

ಅದೇ ದೇಶದ ಪೂರ್ವ ತೀರದ ಎಂ.ಐ.ಟಿ. ಎಂಬ ಪ್ರಸಿದ್ಧ ತಂತ್ರಜ್ಞಾನ ಸಂಸ್ಥೆಯಲ್ಲಿ, 2000ದ ನಂತರದ ದಶಕದಲ್ಲಿ, ಬಡದೇಶಗಳಿಗೆ ತಕ್ಕ ಗಾಲಿಕುರ್ಚಿಯ ವಿನ್ಯಾಸವನ್ನೇ ಕುರಿತ ಪಾಠಕ್ರಮವೊಂದು ಬಂತು. ಅದರ ಹಿಂದಿದ್ದ ಏಮಸ್ ವಿಂಟರ್ ಎಂಬ ವಿದ್ಯಾರ್ಥಿ 2005ರಲ್ಲಿ ತಾಂಜಾನಿಯಾಕ್ಕೆ ಹೋಗಿ, ಅಲ್ಲಿನ ಅಂಗವಿಕಲರು ಎಂಥ ದಾರಿಗಳಲ್ಲಿ ಓಡಾಡಬೇಕೆಂಬುದನ್ನು ನೋಡಿ ಬಂದಿದ್ದ. ಕಾಲುಗಾಡಿಗೆ ಗೇರುಗಳಿರುವಂತೆ ಕುರ್ಚಿಗೂ ಇರಬೇಕು. ಆದರೆ ಅದು ದುಬಾರಿಯಾಗಕೂಡದು. ಅವನೂ ಸಂಗಡಿಗರೂ ಯೋಚಿಸಿದ ಉಪಾಯ ನಮ್ಮ ರೈತರಿಗೆಲ್ಲ ಗೊತ್ತಿರುವ ಸನ್ನೆಕೋಲಿನದು. ಎರಡು ಪಕ್ಕಗಳಲ್ಲಿ ಎರಡು ಉದ್ದನೆಯ ಕೋಲು. ಕೋಲಿನ ಮೇಲ್ತುದಿಯನ್ನು ಹಿಡಿದು ನೂಕಿದರೆ ಬಲ ಹೆಚ್ಚು. ಏರು, ಕೆಸರು, ಕಲ್ಲುದಾರಿಗೆ ಆಗುತ್ತದೆ. ಕೆಳಗೆ ಹಿಡಿದು ನೂಕಿದರೆ ವೇಗ ಹೆಚ್ಚು, ಸಮದಾರಿಗೆ ಆಗುತ್ತದೆ. ಗೇರು ಬದಲಾಯಿಸುವ ಯಂತ್ರವೆಂದರೆ ಕುಳಿತವರ ಕೈಯೇ. ಉಳಿದದ್ದೆಲ್ಲ ಸೈಕಲ್ಲಿನ ಬಿಡಿಭಾಗ.

ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಲೆಕ್ಕ ಬೇಕೆ? ಆದರೆ 2009ರಲ್ಲಿ ಪೂರ್ವ ಆಫ್ರಿಕದಲ್ಲಿ ಕುರ್ಚಿಯನ್ನು ಜನರ ಕೈಗೆ ಕೊಟ್ಟಾಗ ಅವರು ಹೇಳಿದ್ದು ಬೇರೆ. ಹೊರಗೆ ಚೆನ್ನಾಗಿದೆ, ಮನೆಯೊಳಗೆ ಅಗಲವಾಯಿತು, ಭಾರವೂ ಹೆಚ್ಚಾಯಿತು. ಇದನ್ನು ಓದಿದಾಗ ನಮ್ಮ ಬಚ್ಚಲುಮನೆಯ ಬಾಗಿಲು ನನ್ನ ಕಣ್ಣಿಗೆ ಕಟ್ಟಿತು. ಆದರೆ ಇಲ್ಲಿ ಯಾರೂ "ಕೊಟ್ಟರೂ ಉಪಯೋಗಿಸುವುದಿಲ್ಲ" ಎನ್ನಲಿಲ್ಲ, ಕುರ್ಚಿಯನ್ನು ತಿದ್ದಿದರು. ಮನೆಯೊಳಗೆ ಬಂದಾಗ ಕೋಲುಗಳನ್ನು ಕಳಚಿಟ್ಟು ಸಾಮಾನ್ಯ ಕುರ್ಚಿಯಂತೆ ಬಳಸುವುದು ಆ ರಚನೆಯ ಮುಖ್ಯಾಂಶ. ಅದಕ್ಕೆ ತಕ್ಕಂತೆ ಅಗಲವನ್ನೂ ಭಾರವನ್ನೂ ಇಳಿಸಿದರು. 2010ರಲ್ಲಿ ಗ್ವಾಟೆಮಾಲಾದಲ್ಲಿ ಮತ್ತೆ ಪರೀಕ್ಷೆ. 2011ರಲ್ಲಿ ಮೂರನೆಯ ಪರೀಕ್ಷೆ ನಡೆದದ್ದು ನಮ್ಮ ದೇಶದಲ್ಲಿ, ಜೈಪುರದ ಸಂಸ್ಥೆಯೊಂದರ ನೆರವಿನಿಂದ. ಅದೇ ಎಂ.ಐ.ಟಿ.ಯಲ್ಲಿ 2010ರ ನಂತರ ಸೆತ್ ಟೆಲ್ಲರ್ ಎಂಬ ಪ್ರಾಧ್ಯಾಪಕರು ಇನ್ನೊಂದು ಪಾಠಕ್ರಮವನ್ನು ತೊಡಗಿದರು. ಅದರಲ್ಲಿ ವಿದ್ಯಾರ್ಥಿಗಳ ಒಂದೊಂದು ಗುಂಪು ಅದೇ ಊರಿನಲ್ಲಿರುವ ಅಂಗವೈಕಲ್ಯವುಳ್ಳ ಒಬ್ಬೊಬ್ಬರೊಡನೆ ಅವಧಿಯುದ್ದಕ್ಕೂ ಇದ್ದು, ಅವರಿಗೆ ಏನು ಬೇಕೆಂದು ಅವರಿಂದಲೇ ತಿಳಿದು, ಸಾಧನವನ್ನು ಕೂಡಿ ಮಾಡಬೇಕು. ಟೆಲ್ಲರ್ 2014ರಲ್ಲಿ ತೀರಿಕೊಂಡರು.

ಜೈಪುರವೆಂದೆ. ಆ ಊರಿನ ಹೆಸರು ಈ ಚರಿತ್ರೆಯಲ್ಲಿ ಸುಮ್ಮನೆ ಬಂದದ್ದಲ್ಲ. 1960ರ ದಶಕದಲ್ಲಿ ಅಲ್ಲಿನ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡವರಿಗೆ ವಿದೇಶೀ ಮಾದರಿಯ ಕೃತಕ ಪಾದಗಳನ್ನು ಕೊಡುತ್ತಿದ್ದರು. ಆ ಪಾದಕ್ಕೆ ಬೂಟು ಬೇಕು, ಅದು ಬಾಗುವುದಿಲ್ಲ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕುಳಿತುಕೊಳ್ಳುವವನು, ಕುಕ್ಕರಗಾಲಿನಲ್ಲಿ ಕುಳಿತು ಕೆಲಸ ಮಾಡುವವನು, ಬರಿಗಾಲಿನಲ್ಲಿ ಗದ್ದೆಗೆ ಇಳಿಯುವವನು, ಚಪ್ಪಲಿ ಬಿಟ್ಟು ದೇವಸ್ಥಾನಕ್ಕೆ ಹೋಗುವವನು ಅದನ್ನು ಕಟ್ಟಿಕೊಂಡು ಏನು ಮಾಡಬೇಕು? ಕೊಂಡೊಯ್ದವರು ಅದನ್ನು ಮನೆಯಲ್ಲಿಟ್ಟು ಊರುಗೋಲಿಗೇ ಮರಳುತ್ತಿದ್ದರು. ಇದನ್ನು ಕಂಡು ಮರುಗಿದವರಲ್ಲಿ ರಾಮಚಂದ್ರ ಶರ್ಮ ಒಬ್ಬರು. ಹೆಚ್ಚು ಶಾಲೆ ಕಲಿತವರಲ್ಲ. ಮರ, ಕಲ್ಲು, ಲೋಹಗಳಲ್ಲಿ ಪಳಗಿದ ಕೈಯ ಕುಶಲಕರ್ಮಿ. ಆಸ್ಪತ್ರೆಯ ಮೂಳೆವೈದ್ಯ ಪ್ರಮೋದ ಕರಣ ಸೇಠಿ ಮತ್ತು ಅವರ ಸಹವೈದ್ಯರೊಡನೆ ಕೂಡಿ ಶರ್ಮರು ರಬ್ಬರಿನಲ್ಲಿ ಪ್ರಯೋಗ ತೊಡಗಿದರು. ಟಯರಿಗೆ ರಬ್ಬರು ಬೇಯಿಸುವ ಅಂಗಡಿಯ ವಿದ್ಯೆಯೇ ಅಲ್ಲಿ ಆಧಾರವಾಯಿತು. ಒಳಗೆ ಮೆತ್ತನೆಯ ರಬ್ಬರು ಮತ್ತು ಮರ, ಹೊರಗೆ ಚರ್ಮದ ಬಣ್ಣದ ಗಟ್ಟಿ ರಬ್ಬರು. 1968ರ ಸುಮಾರಿಗೆ ಎಲ್ಲ ಕಡೆಗೂ ಬಾಗುವ, ನೀರಿಗೆ ಹೆದರದ, ಬೂಟು ಬೇಡದ 'ಜೈಪುರ ಪಾದ' ಸಿದ್ಧವಾಯಿತು. 1975ರಲ್ಲಿ ದೇವೇಂದ್ರರಾಜ ಮೆಹತಾ ಅವರು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದ ಮೇಲೆ ಅದು ಲಕ್ಷಾಂತರ ಮಂದಿಗೆ ಉಚಿತವಾಗಿ ದೊರೆಯುವಂತಾಯಿತು. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಶರ್ಮರ ಹೆಸರನ್ನು ಅಷ್ಟಾಗಿ ಯಾರೂ ಎತ್ತುವುದಿಲ್ಲ. ಬಡಗಿಯ ಮಣೆಯ ಋಣದಲ್ಲಿರುವ ನಾನಾದರೂ ಎತ್ತಬೇಕು.

ನಮ್ಮ ದೇಶದ ತರಗತಿಯೊಂದರಲ್ಲಿಯೂ ಇಂಥದೇ ಪಾಠ ನಡೆದಿದೆ. ಅಂಧರು ಹಿಡಿಯುವ ಬಿಳಿಯ ಕೋಲು ನೆಲದ ಹಳ್ಳತಿಟ್ಟುಗಳನ್ನು ಹೇಳುತ್ತದೆ. ಮೊಣಕಾಲಿನಿಂದ ಮೇಲಿರುವುದನ್ನು ಹೇಳುವುದಿಲ್ಲ. ಬಾಗಿದ ಕೊಂಬೆ, ತೆರೆದ ಕಿಟಕಿಯ ಬಾಗಿಲು, ನಿಂತ ಲಾರಿಯ ಹಿಂಭಾಗ ಇವೆಲ್ಲ ನೇರವಾಗಿ ಮುಖಕ್ಕೇ ಬಡಿಯುತ್ತವೆ. ದೆಹಲಿಯ ಐ.ಐ.ಟಿ.ಯಲ್ಲಿ 2005ರಲ್ಲಿ ಪ್ರಾಧ್ಯಾಪಕ ಎಂ. ಬಾಲಕೃಷ್ಣನ್ ಅವರ ವಿದ್ಯಾರ್ಥಿಗಳು ಪಾಠಕ್ರಮದ ಅಂಗವಾಗಿ ಈ ತೊಂದರೆಯನ್ನು ಕೈಗೆತ್ತಿಕೊಂಡರು. ಬಾವಲಿಯಂತೆ ಕೇಳಿಸದ ಧ್ವನಿಯನ್ನು ಹೊರಡಿಸಿ, ಅದು ಮರಳಿ ಬರುವುದರಿಂದ ಮುಂದಿನ ಅಡಚಣೆಯನ್ನು ಗುರುತಿಸಿ, ಹಿಡಿಯನ್ನು ಕಂಪಿಸಿ ತಿಳಿಸುವ ಸಣ್ಣ ಪೆಟ್ಟಿಗೆಯೊಂದನ್ನು ಕೋಲಿಗೆ ಸಿಕ್ಕಿಸಿದರು. ತರಗತಿಯ ಪ್ರಯೋಗ ಅಂಗಡಿಯ ವಸ್ತುವಾಗಲು ಒಂಬತ್ತು ವರ್ಷ ಹಿಡಿಯಿತು. 'ಸ್ಮಾರ್ಟ್‌ಕೇನ್' ಎಂಬ ಹೆಸರಿನಲ್ಲಿ ಅದು 2014ರಲ್ಲಿ ಹೊರಬಂತು. ಆ ವರ್ಷಗಳಲ್ಲಿ ಅಂಧರ ಕೈಗೆ ಕೊಟ್ಟು, ಅವರ ಮಾತು ಕೇಳಿ ತಿದ್ದುವ ಕೆಲಸ ಮತ್ತೆ ಮತ್ತೆ ನಡೆಯಿತು. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಮೊಬಿಲಿಟಿ ಇಂಡಿಯಾ ಸಂಸ್ಥೆ ಕೃತಕ ಅವಯವ, ಗಾಲಿಕುರ್ಚಿ ಮುಂತಾದವನ್ನು ಬಳಸುವವರ ಅಳತೆಗೆ ಹೊಂದಿಸುವ ಶಿಕ್ಷಣವನ್ನು ಎಷ್ಟೋ ಮಂದಿಗೆ ಕೊಟ್ಟಿದೆ.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಡದೇಶಗಳಲ್ಲಿ ಗಾಲಿಕುರ್ಚಿ ಒದಗಿಸುವ ಬಗೆಯನ್ನು ಕುರಿತು ಮಾರ್ಗಸೂಚಿಗಳನ್ನು ಹೊರಡಿಸಿತು. ಕುರ್ಚಿಯನ್ನು ಸುಮ್ಮನೆ ಕೊಟ್ಟುಬಿಡಬಾರದು. ಪಡೆಯುವವರ ಅಗತ್ಯವನ್ನೂ ಅವರು ಬಾಳುವ ಪರಿಸರವನ್ನೂ ತಿಳಿದು, ಅಳತೆಗೆ ಹೊಂದಿಸಿ, ಬಳಸುವ ಬಗೆ ಕಲಿಸಿ, ಆಮೇಲೂ ವಿಚಾರಿಸುತ್ತಿರಬೇಕು ಎಂಬುದು ಅದರ ಸಾರ. ನಮ್ಮಲ್ಲಿ 1995ರಲ್ಲಿ ಬಂದ ಅಂಗವಿಕಲರ ಕಾಯಿದೆಯ ಸ್ಥಾನದಲ್ಲಿ 2016ರ ಹೊಸ ಕಾಯಿದೆ ಬಂದಿದೆ. ಅದು ಅಂಗವಿಕಲರ ಬಾಳನ್ನು ದಾನದ ಮಾತಾಗಿ ನೋಡದೆ ಹಕ್ಕಿನ ಮಾತಾಗಿ ನೋಡುತ್ತದೆ. ಇಷ್ಟನ್ನು ಜಗತ್ತು ಕಾಗದದ ಮೇಲೆ ಬರೆಯಲು ಫಾರ್ಫ್ಲರನ ಕಾಲದಿಂದ ಮುನ್ನೂರೈವತ್ತು ವರ್ಷಗಳೇ ಬೇಕಾದವು.

ಕೊಡುವವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಾಯಿಯ ಉಬ್ಬಕ್ಷರವಿಲ್ಲದಿದ್ದರೆ ಬ್ರೈಲ್ ಓದುವ ಆಸೆಯನ್ನೇ ಅರಿಯುತ್ತಿರಲಿಲ್ಲ. ಬಾರ್ಬಿಯೆಯ ಹನ್ನೆರಡು ಚುಕ್ಕಿಗಳಿಲ್ಲದಿದ್ದರೆ ಅವನ ಆರು ಚುಕ್ಕಿಗಳೂ ಇರುತ್ತಿರಲಿಲ್ಲ. ಕರುಣೆ ಬೇಕು, ಆದರೆ ಕರುಣೆಗೆ ಅಳತೆಪಟ್ಟಿ ಇರುವುದಿಲ್ಲ. ತನಗೆ ಏನು ಬೇಕೆಂದು ಬಲ್ಲವನ ಬಳಿ ಕುಳಿತು ಕೇಳುವ ವಿನಯವೇ ಆ ಅಳತೆಪಟ್ಟಿ. ಅದನ್ನು ಹಿಡಿಯುವುದನ್ನು ಕಲಿಸುವುದೇ ಈ ಪಾಠಕ್ರಮಗಳ ಕೆಲಸ. ಬೆಸೆಯುವುದು, ಕೊರೆಯುವುದು ಆಮೇಲಿನ ಮಾತು.

ನಮ್ಮಲ್ಲಿ ವರ್ಷ ವರ್ಷ ಎಷ್ಟೊಂದು ಹುಡುಗ ಹುಡುಗಿಯರು ಎಂಜಿನಿಯರಿಂಗ್ 'ಪ್ರಾಜೆಕ್ಟ್' ಎಂದು ಏನೋ ಒಂದನ್ನು ಮಾಡಿ, ಅಂಕ ಪಡೆದು, ಆ ಯಂತ್ರವನ್ನು ಕಾಲೇಜಿನ ಮೂಲೆಯಲ್ಲಿ ಬಿಟ್ಟು ಹೋಗುತ್ತಾರೆ. ಅವರಲ್ಲಿ ಹತ್ತರಲ್ಲೊಬ್ಬರಾದರೂ ಅವಧಿಯ ಮೊದಲ ವಾರ ತಮ್ಮ ಬೀದಿಯ ಒಂದು ಮನೆಗೆ ಹೋಗಿ, ನೆಲದ ಮೇಲೆ ಕುಳಿತು, ಒಂದು ಪ್ರಶ್ನೆ ಕೇಳಿದರೆ ಎಷ್ಟು ಕೆಲಸವಾದೀತು! ಸ್ನೇಹಿತರು ಮತ್ತೆ ಸಿಕ್ಕಿದಾಗ ನಾನು ಇದನ್ನೆಲ್ಲ ಹೇಳಿದೆ. ಈ ಸಲ ಅವರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮಣೆ ಇನ್ನೂ ಇದೆಯೇ?" ಎಂದರು. ಇದೆ. ಬೇರಿಂಗುಗಳಿಗೆ ತುಕ್ಕು ಹಿಡಿದಿದೆ. ಎಣ್ಣೆ ಬಿಟ್ಟರೆ ಈಗಲೂ ಉರುಳುತ್ತದೆ.